ಒಣ ರಬ್ಬರ್

ಸಾಣೆಕಲ್ಲಿನ ಮೇಲೆ ಅಪ್ಪನ ಕತ್ತಿ ಚರ್ ಚರ್ ಎನ್ನುತ್ತಿತ್ತು. ಹಳೆಯ ಟೈರಿನ ವಾಸನೆ ಬಂದರೆ ಈಗಲೂ ಅದೇ ಕೇಳಿಸುತ್ತದೆ. ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡ್ ಎದುರು ಅಪ್ಪ ಟೈರಿನ ಚಪ್ಪಲಿ ಮಾಡುತ್ತಿದ್ದ. ಒಂದು ಸಂಜೆ ಕುಪ್ಪೇಲೂರಿನ ಬಸಪ್ಪಜ್ಜ, ಕಡೇ ಬಸ್ಸು ಹೊರಡುವುದರೊಳಗೆ ಚಪ್ಪಲಿ ಬೇಕೆಂದು, ಬರಿಗಾಲಲ್ಲಿ ಕೂತಿದ್ದ. ಅಪ್ಪ ಚಹಾ ತರಲು ಹೋದಾಗ ನಾನು ಕಾನ್ವೆಂಟ್ ಯೂನಿಫಾರ್ಮ್‌ನಲ್ಲೇ ಹೆಲ್ಪ್ ಮಾಡಲೆಂದು, ನೀರು ಹಚ್ಚದೆ ರಬ್ಬರ್ ಕೊಯ್ದೆ. ಕತ್ತಿ ಮೊಂಡಾಯಿತು.

"ಇಷ್ಟ ಸಾಫ್ಟ್ ಐತಿ, ಕಬ್ಬಿಣಾನ ಹೆಂಗ ಸವಸ್ತೈತಪ್ಪಾ?" ಮರಳಿ ಬಂದ ಅಪ್ಪನನ್ನು ಕೇಳುವಾಗ ನನಗೆ ಅಳು ಬಂದಿತ್ತು.

"ಒಣಾ ರಬ್ಬರ್ ಕತ್ತೀನ ಗಟ್ಟಿ ಹಿಡಕೊಂತೈತವ್ವಾ, ಬಿಡಂಗಿಲ್ಲ," ಎನ್ನುತ್ತ ಅಪ್ಪ ಮಸೆಯತೊಡಗಿದ.

"ಇಂಗ್ಲಿಷ್ ಸಾಲ್ಯಾಗ ನೀರು ಹಚ್ಚೂದು ಕಲಿಸಿಲ್ಲೇನ?" ಅಜ್ಜ ನಕ್ಕ.

ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅಪ್ಪ ತನ್ನ ಕಾಲಿನ ಚಪ್ಪಲಿ ಕಳಚಿ ಅಜ್ಜನ ಮುಂದಿಟ್ಟ. ಬಸ್ಸಿನ ಮೆಟ್ಟಿಲ ಮೇಲೆ ಅಜ್ಜ ಒಂದು ಕಾಲೆತ್ತಿ ನನಗೆ ತೋರಿಸಿದ. ಅವನನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ, ಅಪ್ಪನ ಚಪ್ಪಲಿಯಲ್ಲಿ.