ಹುಲ್ಲಿನ ಮೇಲಿನ ಬೂಟುಗುರುತು

"ಯಾರಮ್ಮಾ ಇಲ್ಲಿ ತುಳಿದಿದ್ದು?" ಶಿವಕುಮಾರ್ ಸಾಹೇಬರು ತಮ್ಮ ಚೆಂಡು ಉರುಳಬೇಕಾದ ದಾರಿಯಲ್ಲಿ ಮೂಡಿದ್ದ ಬೂಟುಗುರುತನ್ನು ಕೋಲಿನಿಂದ ತೋರಿಸಿದರು. ಚೆಂಡು ಬೀಳಬೇಕಾದ ಕುಳಿಯ ಬಾವುಟ ಹಿಡಿದು ಲತಾಮಣಿ ಪಕ್ಕದಲ್ಲೇ ನಿಂತಿದ್ದಳು. ರಾಮನಗರದ ಹತ್ತಿರದ ಈ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುವ ಕೆಲಸಕ್ಕೆ ಇದು ಅವಳ ಮೊದಲ ದಿನ. ಒಂದೇ ಒಂದು ದೂರು ಬಂದರೂ ಮತ್ತೆ ಕಳೆ ಕೀಳುವುದಕ್ಕೇ ಕಳಿಸುತ್ತೇನೆಂದು ಮೇಸ್ತ್ರಿ ಬೆಳಿಗ್ಗೆಯೇ ಹೇಳಿದ್ದ.

"ಬೇಗ ಮುಗಿಸ್ರೀ, ನಾವೂ ಆಡ್ಬೇಕು!" ಹಿಂದೆ ಕಾಯುತ್ತಿದ್ದ ತಂಡದವರು ಕೂಗಿದರು.

"ಇವಳು ದಾರಿ ಹಾಳು ಮಾಡಿಟ್ಟಿದ್ದಾಳೆ, ಬೇಗ ಎಲ್ಲಿಂದ ಬರುತ್ತೆ?" ಸಾಹೇಬರು ಸಿಡುಕಿದರು.

"ನಾನಲ್ಲ ಸಾರ್." ಲತಾಮಣಿ ಅಂಜುತ್ತಲೇ ಪ್ಯಾಂಟಿನ ತುದಿ ಎತ್ತಿದಳು. ಅವಳದು ಬರಿಗಾಲು. ಹಾಕಲೇಬೇಕಾಗಿದ್ದ ಬೂಟುಗಳು ಹುಲ್ಲಿನಂಚಿನಲ್ಲಿ ಒಪ್ಪವಾಗಿ ಕೂತಿದ್ದವು. "ಮನೇಲಿ ರೇಷ್ಮೆ ಸಾಕ್ತೀವಿ. ಹುಳದ ಮನೆಗೆ ಮೆಟ್ಟು ಹಾಕ್ಕೊಂಡು ಹೋಗಾಕಿಲ್ಲ. ಈ ಹುಲ್ಲು ಕಂಡೇಟ್ಗೆ ಅದೇ ಅಭ್ಯಾಸದಲ್ಲಿ ಬಿಚ್ಬುಟ್ಟೆ. ತಪ್ಪಾಯ್ತು ಸಾರ್."

ಸಾಹೇಬರ ಜೊತೆಗಾರ ನರೇಂದ್ರ ನಕ್ಕುಬಿಟ್ಟರು. "ಶಿವಕುಮಾರ್, ನಿಮ್ಮ ಬೂಟನ್ನೇ ಆ ಗುರುತಿನ ಮೇಲೆ ಇಟ್ಟು ನೋಡ್ರೀ."

ಇಟ್ಟರು. ಬೂಟಿನಡಿಯ ಒಂದೊಂದು ಮುಳ್ಳೂ ಗುರುತಿನಲ್ಲಿ ಸರಿಯಾಗಿ ಕೂತಿತು. ಸಾಹೇಬರು ಬಗ್ಗಿ, ಗುರುತನ್ನು ತಾವೇ ಸವರಿ ಸರಿಮಾಡಿ, ಚೆಂಡನ್ನು ಮೆಲ್ಲಗೆ ತಳ್ಳಿದರು. ಅದು ಕುಳಿಗೆ ಬಿತ್ತು.

"ಬೂಟು ಹಾಕ್ಕೊಳ್ಳಮ್ಮ," ಎಂದರು. "ಇನ್ನೂ ಹದಿನಾಲ್ಕು ಕುಳಿ ನಡೀಬೇಕು ನೀನು."

ಬೆರಳು ಬೆಳ್ಳಗಾಗುವಷ್ಟು ಬಿಗಿಹಿಡಿದಿದ್ದ ಬಾವುಟವನ್ನು ಲತಾಮಣಿ ಕುಳಿಯಲ್ಲಿ ನೆಟ್ಟಳು.