ಸೋಲಬೇಕಾದ ಆಟ

ಸಿಂಧು ಕುರ್ಚಿ ಎಳೆದ ರಭಸಕ್ಕೆ ತೀರ್ಪುಗಾರರು ತಿರುಗಿ ನೋಡಿದರು. ನೋಡಲಿ. ಬೇಕೆಂದೇ ಸೋಲಬೇಕಾದವಳಿಗೆ ಶಿಸ್ತು ಬೇರೆ ಕೇಡು.

ಎದುರಿಗೆ ಕುಳಿತವನು ಅವಳ ತಮ್ಮ ಬೀರೇಶ್. ದೊಡ್ಡಬಳ್ಳಾಪುರದ ಕಲ್ಯಾಣ ಮಂಟಪದಲ್ಲಿ ಹದಿಮೂರು ವರ್ಷದೊಳಗಿನವರ ಚೆಸ್ ಆಯ್ಕೆ, ಕೊನೆಯ ಸುತ್ತು. ಇಬ್ಬರಿಗೂ ಸಮ ಅಂಕ. ಗೆದ್ದವರು ರಾಜ್ಯಮಟ್ಟಕ್ಕೆ, ಸೋತವರು ವಾಪಸ್ ಊರಿಗೆ ಹೋಗುವ ಬಸ್ಸಿಗೆ.

ಜೋಡಿಗಳ ಪಟ್ಟಿ ಅಂಟಿಸಿದ ಕೂಡಲೇ ಅಪ್ಪ ದೇವರಾಜ್ ಇಬ್ಬರನ್ನೂ ಕೈತೊಳೆಯುವ ನಲ್ಲಿಗಳ ಹತ್ತಿರ ಕರೆದೊಯ್ದಿದ್ದ.

"ಸಿಂಧು, ನೀನು ಬಿಟ್ಕೊಡಮ್ಮ. ಇನ್ನೆರಡು ವರ್ಷಕ್ಕೆ ಹೆಂಗೂ ಆಟ ಬಿಡ್ತೀಯ. ಅವನು ಗಂಡುಡುಗ, ಮುಂದಕ್ಕೆ ಬರ್ಲಿ."

ಈ ಗಂಡುಹುಡುಗನಿಗೆ ಕುದುರೆ ಹೇಗೆ ನೆಗೆಯುತ್ತದೆಂದು ಕಲಿಸಿದವಳೇ ಸಿಂಧು. ಮನೆಯಲ್ಲಿ ಹತ್ತು ಆಟ ಆಡಿದರೆ ಎಂಟು ಅವಳದೇ. ಅಪ್ಪನಿಗೆ ಅದು ಗೊತ್ತು. ಗೊತ್ತಿದ್ದೇ ಹೇಳಿದ, ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡು ಎನ್ನುವಷ್ಟು ಸಲೀಸಾಗಿ.

ತಮ್ಮನಾದರೂ ಬೇಡ ಎನ್ನಬಹುದಿತ್ತು. ಅವನು ಕೇಳಿದ್ದು ಒಂದೇ. "ಬಿಳಿ ಕಾಯಿ ನಂಗೇ ತಾನೆ?" ಹೌದೆಂದಾಗ ಹಲ್ಲು ಕಿರಿದ. ಅಪ್ಪ ಅವನ ಬೆನ್ನು ತಟ್ಟಿದ. ಸಿಂಧುವಿಗೆ ಮೈಯೆಲ್ಲ ಉರಿದುಹೋಯಿತು.

ಗಡಿಯಾರ ಓಡತೊಡಗಿತು. ಬೀರೇಶ್ ರಾಜನ ಮಗ್ಗುಲಿನ ಒಂಟೆಯ ಮುಂದಿನ ಸಿಪಾಯಿಯನ್ನು ಒಂದು ಮನೆ ತಳ್ಳಿದ.

ಇದೆಂಥ ಓಪನಿಂಗ್? ಗೆಲುವು ಜೇಬಿನಲ್ಲಿದೆ ಎಂಬ ಕೊಬ್ಬು! ನೆಟ್ಟಗೆ ಆಡುವಷ್ಟು ಮರ್ಯಾದೆಯನ್ನೂ ಕೊಡುತ್ತಿಲ್ಲವಲ್ಲ ಇವನು. ಸಿಂಧು ತನ್ನ ರಾಜನ ಮುಂದಿನ ಸಿಪಾಯಿಯನ್ನು ಎರಡು ಮನೆ ಮುಂದೆ ಕುಟ್ಟಿ ಇಟ್ಟಳು. ಹಗ್ಗದಾಚೆ ನಿಂತಿದ್ದ ಅಪ್ಪ ಅವಳಿಗೆ ಕಣ್ಸನ್ನೆ ಮಾಡಿದ, ಮರೆಯಬೇಡ ಎಂದು. ಅವಳು ಮುಖ ತಿರುಗಿಸಿದಳು.

ಬೀರೇಶ್ ಯೋಚಿಸಲೇ ಇಲ್ಲ. ಅದೇ ಕಡೆಯ ಕುದುರೆಯ ಮುಂದಿನ ಸಿಪಾಯಿ, ಎರಡು ಮನೆ.

ಬೈಯಲು ಬಾಯಿ ತೆರೆದ ಸಿಂಧು ಅಲ್ಲೇ ತಡೆದುಕೊಂಡಳು. ಅವಳ ರಾಣಿ ಓರೆಯಾಗಿ ಅಂಚಿಗೆ ಹೋದರೆ ಸಾಕು, ಬಿಳಿ ರಾಜನಿಗೆ ಮಿಸುಕಲು ಜಾಗವಿಲ್ಲ. ಆಟ ಮುಗಿದಂತೆ. ಬಿಳಿ ಕಾಯಿಯವರು ಎರಡೇ ನಡೆಗೆ ಸೋಲುವ ದಾರಿ ಇದು, ಮರೆತೂ ಹೀಗೆ ಆಡಬೇಡ ಎಂದು ಅವನಿಗೆ ಹೇಳಿಕೊಟ್ಟವಳೂ ಅವಳೇ.

"ಬೇಗ ಇಡಕ್ಕ," ಬೀರೇಶ್ ಪಿಸುಗುಟ್ಟಿದ, "ಅಪ್ಪಂಗೆ ಗೊತ್ತಾಗೋದ್ರೊಳಗೆ ಗೆದ್ಬಿಡು."