ಜಪಾನಿ ಹುಡುಗನ ಬನ್ನು

"ತಿನ್ನವಾ ನನ್ನ ತಾಯಿ, ಹೊತ್ತ ಮುಳಗಾಕತ್ತೈತಿ!" ಇಂದುಬಾಯಿ ಮೊಮ್ಮಗಳ ಕಾಲಿಗೆ ಬೀಳುವುದೊಂದು ಬಾಕಿ. ಪ್ರಣಿತಾಳ ಅಂಗೈಯಲ್ಲಿ ಬಿಸಿ ಬನ್ನಿತ್ತು, ಕಣ್ಣು ಟೀವಿಯಲ್ಲಿತ್ತು, ಬಾಯಿಗೆ ಮಾತ್ರ ಬೀಗ ಬಿದ್ದಿತ್ತು. ಟೀವಿಯೊಳಗೆ ಜಪಾನಿ ಕಾರ್ಟೂನಿನ ಹುಡುಗ, ಜಾಲಿಮುಳ್ಳಿನಂಥ ಕೂದಲಿನವನು, ಹಿಂದಿಯಲ್ಲಿ ಏನೋ ಒದರುತ್ತ ಶಾಲೆಯ ಮೆಟ್ಟಿಲು ಹತ್ತುತ್ತಿದ್ದ. ಅವನು ಮಾಳಿಗೆಗೆ ಹೋಗಿ ಕೂತು ಬನ್ನು ತೆಗೆಯಬೇಕು, ಹರಿದು ಹಬೆ ಬಿಡಬೇಕು, ಕಚ್ಚಬೇಕು. ಆಮೇಲೆಯೇ ಇವಳು ಕಚ್ಚುವವಳು.

ಕಾರ್ತಿಕದ ಪರ್ವ ನಡೆದಿತ್ತು. ಅದು ಮುಗಿಯುವತನಕ ಸೂರ್ಯ ಮುಳುಗಿದ ಮೇಲೆ ಏನೂ ತಿನ್ನುವುದಿಲ್ಲವೆಂದು ಎಂಟು ವರ್ಷದ ಪ್ರಣಿತಾ ಕೊಣ್ಣೂರಿನ ಬಸದಿಯಲ್ಲಿ ಮುನಿಗಳ ಮುಂದೆ ನೇಮ ತೆಗೆದುಕೊಂಡಿದ್ದಳು. ಬೆನ್ನು ತಟ್ಟಿ ಮುಂದೆ ದೂಡಿದವಳು ಅಜ್ಜಿ ಇಂದುಬಾಯಿಯೇ. ಈಗ ಅನುಭವಿಸುವವಳೂ ಅವಳೇ. ಮೊನ್ನೆ ಹುಡುಗಿ, ರೊಟ್ಟಿ ಬೇಡ, ಟೀವಿಯ ಹುಡುಗ ತಿನ್ನುವುದೇ ಬೇಕು ಎಂದು ಹಟ ಹಿಡಿದು ಉಪವಾಸ ಮಲಗಿದಳು. ನಿನ್ನೆ ಬನ್ನು ಮಾಡಿಕೊಟ್ಟರೆ, ಸಾಬೂನಿನ ಜಾಹೀರಾತೆಲ್ಲ ಮುಗಿದು ಆ ಪುಣ್ಯಾತ್ಮ ಬಾಯಿ ತೆರೆಯುವ ಹೊತ್ತಿಗೆ ಸೂರ್ಯ ಮುಳುಗಿಯೇಬಿಟ್ಟಿದ್ದ. ತಾಯಿ ತ್ರಿಶಲಾ ಮರೆಯಲ್ಲಿ ಹಾಲು ಕೊಡಲು ಹೋದರೆ "ನೇಮ ಐತಿ" ಎಂದು ಲೋಟ ತಳ್ಳಿದಳು. ಹಟದಲ್ಲಿ ಥೇಟು ಅಜ್ಜಿಯ ಮೊಮ್ಮಗಳು. ಇಂದುಬಾಯಿ ಯಾರನ್ನು ಬೈಯಬೇಕು?

ಬೇಕರಿಯ ಬನ್ನು ಈ ಮನೆಯ ಹೊಸ್ತಿಲು ದಾಟುವಂತಿಲ್ಲ, ಅದರಲ್ಲಿ ತತ್ತಿ ಇದ್ದೀತೆಂಬ ಅನುಮಾನ. ಹೀಗಾಗಿ ಇಂದುಬಾಯಿ ಕನ್ನಡಕ ಏರಿಸಿಕೊಂಡು ಟೀವಿಯ ಬನ್ನನ್ನೇ ಪರೀಕ್ಷಿಸಿದ್ದಳು. ಗುಂಡಗೆ, ಕಂದುಬಣ್ಣ, ಒಳಗೆ ಕಾಳಿನ ಹೂರಣ. "ಇದೇನ ಮಹಾ! ನಮ್ಮ ಹೋಳಗಿನ ಉಬ್ಬಿ ಕುಂತೈತಿ" ಎಂದು ಸೆರಗು ಸಿಕ್ಕಿಸಿದಳು. ಕಾಳಿನ ಜೊತೆ ಮೊಸರು ಜೈನರಿಗೆ ಕೂಡದೆಂದು ಮೈದಾಕ್ಕೆ ಸೋಡಾ, ಲಿಂಬೆರಸ ಹಾಕಿ ನಾದಿದಳು. ಅಲಸಂದಿ ಬೇಯಿಸಿ ಅರೆದು ತುಂಬಿದಳು. ಕುಕ್ಕರಿನಲ್ಲಿ ಉಸುಕು ಕಾಯಿಸಿ ಸುಟ್ಟಳು. ನಿನ್ನೆಯದು ಬೆಳ್ಳಗಾಯಿತೆಂಬ ತಕರಾರಿಗೆ ಇಂದು ತುಪ್ಪ ಸವರಿ ಕೆಂಪಗೂ ಮಾಡಿದಳು. ಅಷ್ಟೇ ಅಲ್ಲ, ಬೆಳಿಗ್ಗೆ ಎದ್ದು ಕೇಬಲ್ಲಿನ ಲಗಮಪ್ಪನ ಮನೆಗೂ ಹೋಗಿ ಬಂದಿದ್ದಳು.

"ಆ ಕಾರ್ಟೂನ ಒಂದೀಟ ಲಗೂನ ಬಿಡಪಾ, ಲಗಮಪ್ಪ."

"ಆಯೀ, ಅದೇನ ನೀರಿನ ನಳ ಏನ್ರಿ, ನಾ ಬಿಡಾಕ? ಮ್ಯಾಲಿಂದ ಬರತೈತ್ರಿ. ನಾ ಬರೇ ವಾಯರ್ ಜೋಡಸಾಂವ."

"ಹಂಗಾದ್ರ ಸೂರ್ಯಗರ ತಡೀ ಅಂತ ಹೇಳು!" ಎಂದು ದಬದಬ ಹೆಜ್ಜೆ ಹಾಕುತ್ತ ತಿರುಗಿ ಬಂದಿದ್ದಳು.

ಈಗ ಕಿಟಕಿಯ ಬಿಸಿಲು ಗೋಡೆಯ ಮೇಲೆ ಕೆಂಪಾಗುತ್ತಿತ್ತು. "ಅಂವ ತಿನ್ನೂಮಟಾ ಕಾಯಾಕ ಏನ ಧಾಡಿ ಬಡದೈತಿ ನಿನಗ?"

"ಅಂವ ಒಬ್ಬನ ಕುಂತ ತಿಂತಾನ, ಆಯಿ. ಅವಗ ಜೋಡಿ ಯಾರೂ ಇಲ್ಲ. ನಾ ಅವನ ಜೋಡಿ ತಿಂತೇನಿ."

"ಜಪಾನದಾಂವಗ ಜೋಡಿ ಆಗಾಕ ಕೊಣ್ಣೂರಾಗ ಉಪಾಸ ಬೀಳಬೇಕೇನ?"

ಅಷ್ಟರಲ್ಲಿ ಹುಡುಗ ಮಾಳಿಗೆಯ ಮೂಲೆಯಲ್ಲಿ ಕೂತ. ಬನ್ನು ಹರಿದ. ಹಬೆ ಎದ್ದಿತು. ಅಜ್ಜಿ ಮೊಮ್ಮಗಳಿಬ್ಬರೂ ಬಾಯಿ ತೆರೆದರು. ಅವನೂ ಬಾಯಿ ತೆರೆದ. ಕರೆಂಟು ಹೋಯಿತು.

ಇಂದುಬಾಯಿಗೆ ಅಳು ಬರುವಷ್ಟು ಸಿಟ್ಟು ಬಂತು. ವಿದ್ಯುತ್ತಿನವರನ್ನು, ಲಗಮಪ್ಪನನ್ನು, ಜಪಾನನ್ನು ಒಟ್ಟಿಗೇ ಬೈದಳು. ಪ್ರಣಿತಾ ಕಪ್ಪಾದ ಟೀವಿಯನ್ನೇ ನೋಡುತ್ತಿದ್ದಳು.

"ಈಗ ಯಾರ ಜೋಡಿ ತಿನ್ನಲಿ?"

"ನನ್ನ ಜೋಡಿ ತಿನ್ನು" ಎಂದು ಇಂದುಬಾಯಿ ತಟ್ಟೆಯಲ್ಲಿದ್ದ ಇನ್ನೊಂದು ಬನ್ನು ಎತ್ತಿಕೊಂಡಳು. ಎತ್ತಿಕೊಂಡ ಮೇಲೆ ನೆನಪಾಯಿತು. ಪರ್ವದ ದಿನಗಳಲ್ಲಿ ಅವಳದು ಒಪ್ಪತ್ತು. ಮಧ್ಯಾಹ್ನ ಒಂದು ಊಟ, ಅಲ್ಲಿಗೆ ಮುಗಿಯಿತು. ಮದುವೆಯಾಗಿ ಬಂದಾಗಿನಿಂದ ಹಿಡಿದ ವ್ರತವದು. ಗಂಡ ಮಿರಜದ ದವಾಖಾನೆಯಲ್ಲಿ ಮಲಗಿದ್ದಾಗಲೂ ತಪ್ಪಿರಲಿಲ್ಲ. ಬನ್ನನ್ನು ತುಟಿಗೆ ತಾಗಿಸಿ, ದವಡೆ ಆಡಿಸಿದಳು.

"ಸುಳ್ಳ ತಿನ್ನಾಕತ್ತಿ" ಎಂದಳು ಪ್ರಣಿತಾ.

"ಮೊದಲ ನೀ ತಿನ್ನು, ಆಮ್ಯಾಲ ನಾ."

ಪ್ರಣಿತಾ ಬಾಯಿ ತುಂಬ ಕಚ್ಚಿ, ಅಗಿದು ನುಂಗಿದಳು. ಇಂದುಬಾಯಿಗೆ ಜೀವ ಬಂದಂತಾಯಿತು. ಆದರೆ ಹುಡುಗಿ ಉಳಿದದ್ದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಈಗ ನಿನ್ನ ಪಾಳಿ."

ಬಿಸಿಲು ಗೋಡೆ ಬಿಟ್ಟು ಜಂತಿಗೆ ಏರಿತ್ತು. ಎರಡು ರಾತ್ರಿ ಉಪವಾಸ ಮಲಗಿದ ಹೊಟ್ಟೆಗೆ ಒಂದು ತುತ್ತು ಎಲ್ಲಿಗೆ ಸಾಕು? ಇಂದುಬಾಯಿ ಬನ್ನನ್ನು ಬಾಯಿಯ ಹತ್ತಿರ ತಂದಳು.

"ಅತ್ತೀ, ನಿಮ್ಮ ಒಪ್ಪತ್ತು!" ಅಡುಗೆಮನೆಯ ಬಾಗಿಲಲ್ಲಿ ತ್ರಿಶಲಾ ಗಾಬರಿಯಾದಳು.

"ನೀ ಸುಮ್ಮ ಇರು" ಎಂದ ಇಂದುಬಾಯಿ ಕಣ್ಣು ಮುಚ್ಚಿ ದೊಡ್ಡದಾಗಿ ಕಚ್ಚಿದಳು. ಒಂದೆರಡು ಸಲ ಅಗಿದಳು. ಅಗಿಯುವುದು ಅಲ್ಲಿಗೇ ನಿಂತಿತು. ಒಪ್ಪತ್ತಿನವಳು ಅಡುಗೆಯ ರುಚಿ ನೋಡುವಂತಿರಲಿಲ್ಲ, ನೋಡಿರಲೂ ಇಲ್ಲ.

"ಅಯ್ಯ ನನ್ನ ಕರ್ಮ! ಬೆಲ್ಲನ ಹಾಕಿಲ್ಲ ನಾ! ಇಂಥಾ ಸಪ್ಪಂದು ಹೆಂಗ ನುಂಗಿದಿ, ಮಗಳ?"

"ಜಪಾನದ್ದು ಹಿಂಗ ಇರತೈತಿ ಅಂದ್ಕೊಂಡ್ನಿ." ಪ್ರಣಿತಾ ಇನ್ನೊಂದು ತುತ್ತು ಕಚ್ಚಿದಳು. "ಪಾಪ, ಅಂವ ದಿನಾ ಇದನ್ನ ತಿಂತಾನ."